ಹುಳುಮನೆಗೆ ಶೂ ಹಾಕಿಕೊಂಡು ಬಂದವನು

ಹುಳುಮನೆಯೊಳಗೆ ಶೂ!

ಲತಾಮಣಿ ಮೊದಲು ಕಂಡದ್ದು ಅದನ್ನೇ, ಅವನ ಮುಖವನ್ನಲ್ಲ. ರೇಷ್ಮೆಹುಳು ಸಾಕುವ ಮನೆಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ನೀರಿನಲ್ಲಿ ಕಾಲು ತೊಳೆದು, ಬರಿಗಾಲಲ್ಲೇ ಹೋಗಬೇಕು. ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆಯೇ ಮಣ್ಣುಪಾಲು. ಅಂಥ ಕಡೆ ಧೂಳು ಮೆತ್ತಿದ ಕರೀ ಶೂ ಹಾಕಿಕೊಂಡು ಯಾರೋ ನುಗ್ಗಿ, ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಿದ್ದ. ಅವಳು ಹೋಗಿ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮೇಲೆ ಬಿದ್ದಳು.

"ಅವರನ್ನ ಮುಟ್ಬೇಡಿ, ಕರೆಂಟು ಹಿಡ್ಕಂಡೈತೆ. ಮುಟ್ಟಿದ್ರೆ ನೀವೂ ಹೋಯ್ತೀರ. ಮೇನ್ ಎಲ್ಲೈತೆ?"

ಎದುರಿಗೆ ಅವಳ ಅಪ್ಪ ಬೈರಪ್ಪ ಹೀಟರಿನ ತಂತಿ ಹಿಡಿದು ಸೆಟೆದು ನಿಂತಿದ್ದ. ಚಳಿಗೆ ಹುಳು ಸೊಪ್ಪು ತಿನ್ನುವುದಿಲ್ಲವೆಂದು ಹಚ್ಚಿದ ಹೀಟರು. ಅದರ ತಂತಿಯನ್ನು ಇಲಿ ಕಡಿದಿದ್ದು ಯಾರಿಗೂ ಗೊತ್ತಾಗಿರಲಿಲ್ಲ. ಹುಳು ಚೆನ್ನಾಗಿರಲೆಂದು ತೊಳೆದ ಒದ್ದೆ ಕಾಲೇ ಇವತ್ತು ಬೈರಪ್ಪನಿಗೆ ಮುಳುವಾಗಿತ್ತು.

"ನಡುಮನೇಲಿ..." ಎಂದಳು ಲತಾಮಣಿ. ಅಷ್ಟರಲ್ಲಿ ಗಲಾಟೆ ಕೇಳಿದ ಅವ್ವ ಮಾಯಮ್ಮ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು. ಬೈರಪ್ಪ ದೊಪ್ಪನೆ ಕೆಳಗೆ ಬಿದ್ದ. ಎದೆ ಏರಲಿಲ್ಲ, ಇಳಿಯಲಿಲ್ಲ.

ಪಕ್ಕದ ಮನೆಯ ಸಿದ್ದಮ್ಮ ಬಾಗಿಲಲ್ಲೇ ನಿಂತು, "ಗುಂಡಿ ತೋಡ್ರಪ್ಪ, ಕರೆಂಟು ಹೊಡ್ದೋರ್ನ ಮಣ್ಣಲ್ಲಿ ಮುಚ್ಬೇಕು," ಎಂದಳು.

"ಮಣ್ಣು ಬ್ಯಾಡ ಕಣಮ್ಮ, ಉಸಿರೇ ಆಡ್ತಿಲ್ಲ. ಮೊದ್ಲು 108ಕ್ಕೆ ಫೋನ್ ಮಾಡಿ," ಎನ್ನುತ್ತ ಶೂ ಹಾಕಿದ್ದವನು ಮಂಡಿಯೂರಿದ. ಬೈರಪ್ಪನ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಮೊಣಕೈ ಮಡಿಸದೆ, ಜೋರಾಗಿ ಬಿರಬಿರನೆ ಒತ್ತತೊಡಗಿದ.

ಒಳಗೆಲ್ಲೋ ಲಟ್ ಎಂದಿತು.

ಲತಾಮಣಿ ಸೊಪ್ಪಿನ ರಾಶಿಯಿಂದ ಎದ್ದು ಬಂದಳು. ಅವನ ಬೆನ್ನಿಗೆ ಎರಡೂ ಕೈಯಲ್ಲಿ ಗುದ್ದಿದಳು. "ಮೂಳೆ ಮುರಿದ್ರಲ್ರೀ... ನಮ್ಮಪ್ಪನ್ನ ಸಾಯಿಸ್ತಾ ಇದೀರ! ಶೂ ಹಾಕ್ಕಂಡು ಹುಳುಮನೆಗೆ ನುಗ್ಗೋ ನಿಮ್ಗೇನ್ ಗೊತ್ತಾಯ್ತದೆ. ಆಚೆ ಹೋಗಿ."

ಅವನು ಗುದ್ದಿಸಿಕೊಂಡ, ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ತೋಳು ಸೋತು ಬಂದಾಗ ಮೆಲ್ಲಗೆ ಅಂದ: "ಆಮೇಲೆ ಬಯ್ಯಿರಂತೆ. ಈಗ ಆ ಕಡೆ ಕೂತ್ಕಂಡು ನೀವು ಒತ್ತಿ. ನಿಲ್ಲಿಸ್ಬಾರ್ದು."

ಯಾಕೋ ಏನೋ, ಅವಳು ಕೂತಳು. ಅವನು ಅವಳ ಅಂಗೈಯನ್ನು ಸರಿಯಾದ ಜಾಗಕ್ಕೆ ಇಟ್ಟುಕೊಟ್ಟ.

"ಹಂಗೇ... ಒಸಿ ಜೋರಾಗಿ... ಪ್ರತಿಸಲ ಎದೆ ಪೂರ್ತಿ ಮೇಲೇಳಕ್ಕೆ ಬುಡಿ."

ತಟ್ಟೆಗಳಲ್ಲಿ ಹುಳುಗಳು ಏನೂ ಆಗಿಲ್ಲವೆಂಬಂತೆ ಸೊಪ್ಪು ಮೇಯುತ್ತಿದ್ದವು. ಸೋನೆ ಮಳೆಯಂಥ ಆ ಸದ್ದಿನ ನಡುವೆ ಅವಳು ಒತ್ತಿ, ಅವನು ಒತ್ತಿ, ಮತ್ತೆ ಅವಳು. ಎದುರಿಗಿದ್ದ ಕಣ್ಣುಗಳು ಮಾತ್ರ ಹೆದರಬೇಡಿ ಎನ್ನುತ್ತಿದ್ದವು. ಆಂಬುಲೆನ್ಸಿನವರು ಬಂದು ಯಂತ್ರ ಹಚ್ಚಿ, "ನಾಡಿ ಸಿಕ್ತು," ಎಂದಾಗಲೇ ಅವಳಿಗೆ ಅಳು ಬಂದದ್ದು.

ಹೊರಡುವಾಗ ತಿರುಗಿ ನೋಡಿದಳು. ಅವನು ಶೂ ಬಿಚ್ಚಿ ಕೈಯಲ್ಲಿ ಹಿಡಿದು, ತಪ್ಪು ಮಾಡಿದವನ ಹಾಗೆ ಅಂಗಳದಲ್ಲಿ ನಿಂತಿದ್ದ.

ಅವನು ಯಾರೆಂದು ಅವ್ವ ಹೇಳಿದ್ದು ಚನ್ನಪಟ್ಟಣದ ಆಸ್ಪತ್ರೆಯಲ್ಲಿ. ಅವತ್ತು ಅವಳನ್ನು ನೋಡಲು ಬರಬೇಕಾಗಿದ್ದ ಗಂಡು, ಉಯ್ಯಂಬಳ್ಳಿ ಕಡೆಯ ಕೆಂಪರಾಜು. ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ. ಈ ಚಿಕಿತ್ಸೆ ಕಲಿತದ್ದೂ ಅಲ್ಲೇ. ಮನೆಯವರು ಕೆಂಗಲ್ ಆಂಜನೇಯನಿಗೆ ಪೂಜೆ ಮಾಡಿಸಲು ಇಳಿದರೆ, ಇವನು ಬೈಕಿನಲ್ಲಿ ಮುಂದಾಗಿ ಬಂದುಬಿಟ್ಟಿದ್ದ.

ನೋಡಲು ಬಂದ ಗಂಡಿನ ಬೆನ್ನಿಗೆ ಗುದ್ದಿ ಕಳಿಸಿದ ಹುಡುಗಿ ನಮ್ಮ ಸೀಮೆಯಲ್ಲಿ ಇವಳೊಬ್ಬಳೇ ಇರಬೇಕು!

ಬೈರಪ್ಪ ಮನೆಗೆ ಬಂದ. ಹುಳು ಹಣ್ಣಾಗಿ ಗೂಡು ಕಟ್ಟಿತು. ಕೆಂಪರಾಜುವಿನ ಸುದ್ದಿಯೇ ಇಲ್ಲ. ಸಂಬಂಧ ತಂದಿದ್ದ ಮುನಿಕೃಷ್ಣ ಬಂದು, "ಶಕುನ ಸರಿಯಿಲ್ಲ ಅಂತಾವ್ರೆ ಹುಡುಗನ ಕಡೆಯೋರು," ಎಂದು ಕಾಫಿ ಕುಡಿದು ಹೋದ.

'ಅವರೂ ಹಂಗೇ ಅಂದ್ಕಂಡ್ರಾ? ಇಲ್ಲಾ ನನ್ನ ಬಾಯಿಗೆ ಹೆದರಿದ್ರಾ...' ಬೆಳಗ್ಗೆ ಮಂಜಿನಲ್ಲಿ ಸೊಪ್ಪು ಕೊಯ್ಯುವಾಗ ಲತಾಮಣಿಗೆ ಅದೇ ಯೋಚನೆ. ಕೈಗೆ ಕೈ ತಾಗಿದ್ದು ನೆನಪಾಗಿ ಕುಡುಗೋಲು ಅಲ್ಲೇ ನಿಲ್ಲುತ್ತಿತ್ತು. ಅಪ್ಪ ಸಾವಿನ ಬಾಯಲ್ಲಿದ್ದ ಹೊತ್ತನ್ನು ಕನಸಿನಂತೆ ನೆನೆಯುವುದು ಪಾಪವಲ್ಲವೇ ಎಂದು ತನ್ನನ್ನೇ ಬೈದುಕೊಂಡಳು. ಆದರೂ ನೆನೆದಳು.

"ಪಕ್ಕೆ ಇನ್ನೂ ನೋಯ್ತದಾ ಅಪ್ಪ?"

"ನೋಯ್ಲಿ ಬುಡವ್ವ. ನೋಯ್ತಾ ಇದ್ರೆ ತಾನೆ ಬದುಕಿವ್ನಿ ಅಂತ ಗೊತ್ತಾಗೋದು." ಬೈರಪ್ಪ ಎದೆ ಸವರಿಕೊಂಡ. "ಸರ್ಯಾಗಿ ಒತ್ತಿದ್ರೂ ಪಕ್ಕೆಲುಬು ಮುರೀಬೋದು, ತಪ್ಪಲ್ಲ ಅಂದ್ರಲ್ಲ ಡಾಕ್ಟ್ರು... ಆ ಮಾತ್ನ ಆ ಹುಡುಗನ್ಗೆ ಯಾರಾದ್ರೂ ಹೇಳಿದೀರಾ?"

ಯಾರೂ ಹೇಳಿರಲಿಲ್ಲ.

ಮುನಿಕೃಷ್ಣನಿಂದ ನಂಬರು ಇಸಿದುಕೊಂಡು ಅವಳೇ ಫೋನ್ ಮಾಡಿದಳು. "ನಾನು... ಬೈದೋಳು."

ಆ ಕಡೆ ಫ್ಯಾಕ್ಟರಿಯ ಸದ್ದು ದೂರವಾಯಿತು, ಅವನು ಆಚೆ ಬಂದಿರಬೇಕು. ಆಮೇಲೆ ಅವನ ದನಿ: "ಶಕುನದ ಮಾತು ನಮ್ಮನೆಯೋರ್ದು, ನನ್ದಲ್ಲ. ನಿಮ್ಮಪ್ಪನ ಮೂಳೆ ಮುರ್ದೋನು, ಯಾವ ಮುಖ ಇಟ್ಕಂಡು ಬರ್ಲಿ ಅಂತ ಸುಮ್ಕಿದ್ದೆ."

"ಸರ್ಯಾಗಿ ಒತ್ತಿದ್ರೂ ಮುರೀಬೋದು ಅಂದ್ರು ಡಾಕ್ಟ್ರು. ಮುರ್ದಿದ್ಕೇ ಅಪ್ಪ ಕೆಮ್ಕಂಡು ನನ್ನ ಬೈಕಂಡು ಓಡಾಡ್ತಾವ್ರೆ. ಬನ್ನಿ."

ಭಾನುವಾರ ಅವನು ಬಂದ. ಹೊಸ ಬೆಳೆಗೆ ಹುಳು ಇಳಿಸಿದ್ದರು. ಹುಳುಮನೆಯ ಬಾಗಿಲಲ್ಲಿ ಶೂ ಬಿಚ್ಚಿ, ಭಕ್ತಿಯಿಂದ ಕಾಲು ತೊಳೆದು, ಬರಿಗಾಲಲ್ಲಿ ಹೊಸಿಲು ದಾಟಲು ಹೋದ.

"ನಿಂತ್ಕಳಿ," ಎಂದಳು ಲತಾಮಣಿ. ಒಂದು ಬಟ್ಟೆ ಕೊಟ್ಟು ಪಾದ ಒರೆಸಿಕೊಳ್ಳಲು ಹೇಳಿ, ಗೋಡೆ ಬದಿಯತ್ತ ಕೈ ತೋರಿದಳು. ಬ್ಲೀಚಿಂಗ್ ನೀರಲ್ಲಿ ತೊಳೆದು ಒಣಗಿಸಿದ ಹೊಸ ರಬ್ಬರು ಚಪ್ಪಲಿಗಳು ಸಾಲಾಗಿದ್ದವು. ತಂತಿಯನ್ನೂ ಹೊಸದಾಗಿ ಎಳೆಸಿದ್ದರು.

"ಒಳಗಡೆಗೆ ಅಂತ ಬೇರೆ ಇಟ್ಟಿದ್ದೀವಿ. ಅಪ್ಪನ್ದು, ಅವ್ವನ್ದು, ನನ್ದು."

"ಈ ನಾಕ್ನೇ ಜೊತೆ?"

"ಕಣ್ಣಳತೆ ಮೇಲೆ ತಂದೆ. ಅವತ್ತು ಮೊದ್ಲು ನೋಡಿದ್ದು ನಿಮ್ಮ ಕಾಲ್ನೇ ಅಲ್ವಾ."

ಕೆಂಪರಾಜು ನಕ್ಕ. "ಬಂದು ಹೋಗೋರ್ಗೂ ಇಷ್ಟು ಉಪಚಾರ ಮಾಡ್ತೀರಾ?"

ಲತಾಮಣಿ ತಲೆ ತಗ್ಗಿಸಿ, ಚಪ್ಪಲಿ ಅವನ ಮುಂದೆ ಸರಿಸಿದಳು.

"ಬಂದು ಹೋಗೋರ್ಗೆ ತಂದಿಲ್ಲ."