ತರ್ವಿ ಕಾಳಿನ ಕಹಿ

ಮೂರನೆಯ ಲೋಟದ ಮೊದಲ ಹನಿಗಳನ್ನು ಭೂಮಿತಾಯಿಗೆ ಚೆಲ್ಲಿ, ಒಂದು ಗುಟುಕು ಕುಡಿದು ರುಚಿ ಹೇಳಲು ಕೂತಿದ್ದ ನೀಲ್ಡಾ ತಲೆಯೆತ್ತಿದಳು. ಬಿಯರ್ ತಯಾರಿಸಿ ತಂದ ಮೂವರು ಎದುರಿನ ಬಾಗಿಲ ಬಳಿ ನಿಂತಿದ್ದರು. ಕೊನೆಯವನು... ರೊಲಾಂದೊ!

ಮೂರು ವರ್ಷ! ಕೆನ್ನೆ ಒಳಗೆ ಹೋಗಿದೆ. ಕಣ್ಣು ಮಾತ್ರ ಅದೇ...

"ಏನೇ, ಉಸಿರು ನಿಂತುಹೋಯ್ತಾ?" ಉರುಬಾಂಬಾ ಪಟ್ಟಣದ ಆ ಪುಟ್ಟ ಬಿಯರ್ ಭಟ್ಟಿಯ ಒಡತಿ ದೋನ್ಯಾ ಪಾಸ್ಕುವಾಲಾ ನಕ್ಕಳು. "ಕೋಕಾ ಎಲೆಯ ಬಿಯರಿಗೆ ಮೂಗು ಮುರಿದೆ. ಕಪ್ಪು ಜೋಳದ್ದು ನಮ್ಮತ್ತೆ ಇದ್ದ ಹಾಗೆ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಇದಕ್ಕೇನಂತೀಯ? ನಿನ್ನ ನಾಲಿಗೆ ಒಪ್ಪಿದವನಿಗೇ ನನ್ನ ಭಟ್ಟಿ ಕೆಲಸ. ಉಳಿದವರು ಬಂದ ದಾರಿ ಹಿಡೀಲಿ."

"ಇದರಲ್ಲಿ... ತರ್ವಿ ಕಾಳಿದೆ."

"ಅಯ್ಯೋ, ಉಗುಳಮ್ಮ!" ನೋಡಲು ನೆರೆದ ಗುಂಪಿನಲ್ಲಿದ್ದ ನೀಲ್ಡಾಳ ಊರಿನವನೊಬ್ಬ ಕೂಗಿದ. "ಈ ರೊಲಾಂದೊ ತರ್ವಿ ತೊಳೆಯೋ ಚಂದ ನಾವು ಕಂಡಿಲ್ವಾ?"

ಎಲ್ಲರೂ ನಕ್ಕರು. ರೊಲಾಂದೊ ನೆಲ ನೋಡಿದ.

ತರ್ವಿ ಹುಟ್ಟಾ ಕಹಿ. ಬೇಯಿಸಿ, ಚೀಲಕ್ಕೆ ತುಂಬಿ, ಏಳು ದಿನ ಹರಿಯುವ ತೊರೆಯಲ್ಲಿಟ್ಟರೆ ಮಾತ್ರ ತಿನ್ನಲು ಬರುತ್ತದೆ. ಅವರ ಊರಲ್ಲಿ ನಿಶ್ಚಿತಾರ್ಥಕ್ಕೆ ಗಂಡು ತಾನೇ ತೊಳೆದ ತರ್ವಿ ತರಬೇಕು. ಹೆಣ್ಣಿನ ಕಡೆಯವರು ಬಾಯಿಗಿಡುವ ಮೊದಲು ಅವನು ರುಚಿ ನೋಡುವಂತಿಲ್ಲ. ರೊಲಾಂದೊ ತಂದದ್ದು ವಿಷದಂಥ ಕಹಿ! ನೀಲ್ಡಾಳ ಅಪ್ಪ ತಟ್ಟೆ ಎಸೆದಿದ್ದ.

"ಏಳು ದಿನದ ತಾಳ್ಮೆ ಇಲ್ಲದವನು ನನ್ನ ಮಗಳನ್ನ ಬಾಳಿಸ್ತಾನಾ?"

ಸಂಬಂಧ ಮುರಿಯಿತು. ರೊಲಾಂದೊ ಊರು ಬಿಟ್ಟು ರಾಜಧಾನಿ ಲಿಮಾದ ಬಸ್ಸು ಹತ್ತಿದ.

ಆದರೆ ಚೀಲ ಸರಿಸಿದ್ದು ನೀಲ್ಡಾ!

ನೀರಿನ ಸೆಳೆತ ಜೋರಿದ್ದ ಜಾಗದಲ್ಲಿ ತನ್ನ ಮನೆಯ ಚೀಲ ಇಡಲು, ಅಲ್ಲಿದ್ದ ಯಾರದೋ ಚೀಲವನ್ನು ದಡದ ನಿಂತ ನೀರಿಗೆ ಎಳೆದಿದ್ದಳು. ಸಂಜೆ ಮತ್ತೆ ಸರಿಯಾಗಿಡೋಣ ಎಂದುಕೊಂಡವಳು ಮರೆತೇಬಿಟ್ಟಳು. ಅದು ಯಾರದೆಂದು ತಿಳಿದದ್ದು ರೊಲಾಂದೊನ ತಾಯಿ, "ನಮ್ಮ ಚೀಲ ನಿಂತ ನೀರಲ್ಲಿ ಬಿದ್ದಿತ್ತು" ಎಂದು ಅತ್ತಾಗ. ಅಪ್ಪನ ಮುಖ ನೋಡಿ ನೀಲ್ಡಾ ನಿಜ ಹೇಳಲು ಹೆದರಿ ಒಳಮನೆ ಸೇರಿದ್ದಳು.

'ಈಗಲೂ ಸುಮ್ಮನಿದ್ದರೆ... ನಾನು ಮನುಷ್ಯಳೇ ಅಲ್ಲ.'

ಅವಳು ಲೋಟವನ್ನು ಪೂರ್ತಿ ಕುಡಿದು ಮುಗಿಸಿದಳು.

"ಇದು ಶುದ್ಧವಾಗಿ ತೊಳೆದ ತರ್ವಿ. ಬಿಯರಿಗೆ ಇರಬೇಕಾದಷ್ಟೇ ಕಹಿ ಇದೆ. ಮೂರರಲ್ಲಿ ಇದೇ ಒಳ್ಳೇದು. ಇನ್ನೊಂದು ಮಾತು... ಅವತ್ತೂ ಇವನು ಸರಿಯಾಗೇ ಇಟ್ಟಿದ್ದ. ಚೀಲ ಸರಿಸಿದ್ದು ನಾನು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಹೋಗಿ ನಮ್ಮಪ್ಪನಿಗೂ ಹೇಳಿ!"

ನಗು ಅಲ್ಲೇ ಸತ್ತಿತು.

"ಕೆಲಸ ಇವನಿಗೆ. ಉಳಿದವರು ಹೊರಡ್ರಪ್ಪ, ಇಲ್ಲೇನು ಗೊಂಬೆಯಾಟ ನಡೀತಿದೆಯಾ?" ಪಾಸ್ಕುವಾಲಾ ಎಲ್ಲರನ್ನೂ ಕೋಳಿ ಅಟ್ಟಿದಂತೆ ಅಟ್ಟಿಕೊಂಡು ಹೋದಳು.

ಇಬ್ಬರೇ ಉಳಿದರು.

"ನನ್ನ ಜಾಗದಲ್ಲಿ ನಿಮ್ಮನೆ ಚೀಲ ಇತ್ತು. ನಿಮ್ಮಪ್ಪ ತಟ್ಟೆ ಎಸೆದ ಮೇಲೆ ತೊರೆಗೆ ಹೋಗಿ ನೋಡಿದ್ದೆ," ರೊಲಾಂದೊ ಅಂದ. "ನಾನು ಬೇಡ ಅಂತ ಬೇಕಂತಲೇ ಸರಿಸಿದ್ದೀಯ ಅಂದ್ಕೊಂಡೆ."

"ನಿನ್ನನ್ನ ಬೇಡ ಅಂತೀನಾ ನಾನು? ಒಂದು ಮಾತು ಕೇಳಬಾರದಿತ್ತಾ?"

"ಹೇಳಬೇಕಾದವಳು ನೀನು!" ಅವನ ದನಿ ಒಡೆಯಿತು. "ಮೂರು ವರ್ಷ, ನೀಲ್ಡಾ... ನಮ್ಮಮ್ಮ ಅದೇ ಅವಮಾನ ಹೊತ್ಕೊಂಡು ಸತ್ತಳು."

ನೀಲ್ಡಾಳ ಕಣ್ಣೀರು ಖಾಲಿ ಲೋಟದೊಳಗೆ ಬಿತ್ತು.

"ಬೇರೆ ಯಾರನ್ನೂ ಒಪ್ಪೋಕೆ ನನ್ನಿಂದ ಆಗಲಿಲ್ಲ ಕಣೋ..."

"ನನ್ನಿಂದಲೂ. ಅದಕ್ಕೇ ಇಷ್ಟು ಸಿಟ್ಟು."

"ಹಾಗಾದ್ರೆ ಬೈಯಿ."

"ಒಂದಿನಕ್ಕೆ ಮುಗಿಯೋ ಬೈಗುಳ ಅಲ್ಲ ಇದು."

"ದಿನಾ ಬರ್ತೀನಿ."

ಅವನು ಅವಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡ. ಆಮೇಲೆ ಮುಖ ತಿರುಗಿಸಿಕೊಂಡೇ ಅಂದ:

"ಬಾ... ಆದ್ರೆ ಊಟ ಮಾಡ್ಕೊಂಡು ಬಾ. ಹಸಿದವಳನ್ನ ಬೈಯೋಕೆ ನನಗೆ ಬಾಯಿ ಬರಲ್ಲ."