ಮೇಕೆಯ ಕೊರಳಲ್ಲಿ ಮದುವೆಯ ನಡುಪಟ್ಟಿ

"ಇನ್ನೊಂದು ಹೆಜ್ಜೆ ಇಟ್ರೆ ಈ ಕವೆಗೋಲು ನಿನ್ನ ಹೊಟ್ಟೆಯೊಳಗೆ."

ಟೆಕ್ಲ್ಯಾ ಹಾಗೆಂದದ್ದು ತೋಳಕ್ಕೆ. ಮಟಮಟ ಮಧ್ಯಾಹ್ನ. ಪ್ರಿಪ್ಯಾತ್ ನದಿಯ ಜೌಗಿನಲ್ಲಿ ಹುಳಿಹಣ್ಣು ಆರಿಸಲು ಬಂದಿದ್ದಳು. ಎದುರಿನ ಪಾಚಿದಿಬ್ಬದ ಮೇಲೆ ಅದು ನಿಂತಿತ್ತು. ನಡುವೆ ಇದ್ದದ್ದು ಎರಡು ಮಾರು ಕಪ್ಪು ನೀರು, ಅಷ್ಟೇ.

ತೋಳ ಹಲ್ಲು ಕಿರಿಯಲಿಲ್ಲ. ತಲೆ ತಗ್ಗಿಸಿ ನೀರನ್ನು ನೋಡಿತು. ಅವಳೂ ನೋಡಿದಳು.

ನೀರಿನಲ್ಲಿ ತೋಳವಿರಲಿಲ್ಲ! ಮದುವೆಯ ಬಿಳಿ ಅಂಗಿ ತೊಟ್ಟ ಗಂಡಸಿದ್ದ. ಆ ಮುಖ... ಲವೋನ್!

ತೋಳಮನುಷ್ಯನ ನಿಜರೂಪ ನೀರಿನಲ್ಲಿ ಮಾತ್ರ ಕಾಣುತ್ತದೆಂದು ಆ ಸೀಮೆಯ ಕೂಸಿಗೂ ಗೊತ್ತು. ಬೇರೆ ಹೆಣ್ಣಾಗಿದ್ದರೆ ಕಿರುಚಿ ಓಡುತ್ತಿದ್ದಳೇನೋ. ಟೆಕ್ಲ್ಯಾಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದ ಸಿಟ್ಟು ಅದು.

"ಬಂದ್ಯಾ ಮದುಮಗನೇ?" ಎಂದಳು. "ಮದುವೆ ದಿನ ಶಾಸ್ತ್ರದ ಹಾಗೆ ಜಡೆ ಬಿಚ್ಕೊಂಡು ಸಂಜೆವರೆಗೂ ಕೂತಿದ್ದೆ ನಾನು. ಊರಿಗೂರೇ ನನ್ನ ಮುಖ ನೋಡ್ತಿತ್ತು. ಈಗ ಯಾವ ಮುಖ ಇಟ್ಕೊಂಡು ಬಂದೆ?"

ನೀರಿನಲ್ಲಿದ್ದ ತುಟಿಗಳು ಅಲುಗಿದವು. ದನಿ ಬರಲಿಲ್ಲ. ತೋಳ ಪೈನ್ ಮರಗಳ ಕಡೆಗೊಮ್ಮೆ ನೋಡಿ ಜೊಂಡಿನೊಳಗೆ ಮರೆಯಾಯಿತು.

ಆ ಮರಗಳಲ್ಲಿ ಜೇನು ಕಟ್ಟಿಸಿಕೊಂಡು ಒಂಟಿಯಾಗಿ ಇದ್ದವನು ಮಾಟಗಾರ ಸವಸ್ತೇಯ್. ಅವನ ಹೆಸರು ನೆನಪಾದೊಡನೆ ಟೆಕ್ಲ್ಯಾ ಅತ್ತ ಹೆಜ್ಜೆ ಹಾಕಿದಳು.

ಅಲ್ಲಿ ಯಾರ ಮನೆಯ ಮದುವೆಯಾದರೂ ರೊಟ್ಟಿಯ ಮೊದಲ ತುಂಡು ಮಾಟಗಾರನಿಗೆ ಹೋಗಬೇಕು. ಕೊಡದವರ ದಿಬ್ಬಣ ತೋಳಗಳ ಹಿಂಡಾಗುತ್ತದೆಂದು ಭಯ. ಆದರೆ ಸವಸ್ತೇಯ್ ಒಮ್ಮೆ ನಾಲ್ಕು ಜನರ ಮುಂದೆ ಅವಳ ನಾಲಿಗೆಯನ್ನು ಹಂಗಿಸಿದ್ದ. ಡಾಂಬರು ವಾಸನೆಯ ಆ ಮುದುಕನಿಗೆ ತನ್ನ ರೊಟ್ಟಿ ಇಲ್ಲವೇ ಇಲ್ಲ ಎಂದು ಹಟ ಹಿಡಿದಿದ್ದಳು. ಒಂದು ತುಂಡಿಗೂ ಮೂಗು ಮುರಿಯಬೇಕೇ ಎಂದು ಲವೋನ್ ಕೇಳಿದಾಗ, "ಅವನು ಬರೋ ಮದುವೆಗೆ ನೀನು ಬರಬೇಡ" ಎಂದು ಬಾಗಿಲು ಬಡಿದಿದ್ದಳು.

ಮರುದಿನ ಮದುವೆಗೆ ಲವೋನ್ ಬರಲಿಲ್ಲ. ನನ್ನ ಒಂದು ಮಾತಿಗೆ ಕೈ ಬಿಟ್ಟು ಹೋದನಲ್ಲ ಎಂದು ಅವಳು ಹಲ್ಲು ಕಚ್ಚಿ ಬದುಕಿದ್ದಳು.

ಈಗ ಅವಳು ಸವಸ್ತೇಯ್‌ನ ಕದವನ್ನು ಕವೆಗೋಲಿನಿಂದಲೇ ಗುದ್ದಿದಳು. "ಅವನಿಗೇನು ಮಾಡಿದೆ?"

ಮುದುಕ ಕದ ತೆರೆದ. ಮುಖ ಇಳಿದುಹೋಗಿತ್ತು. ಮದುವೆಯ ಬೆಳಿಗ್ಗೆ ರೋಷದಲ್ಲಿ, ಜಗಳಕ್ಕೆ ಬರುವವರಿಗೆಂದು, ದಾಟಿದವರು ತೋಳವಾಗುವಂತೆ ಮಂತ್ರಿಸಿದ ಪಟ್ಟಿಯನ್ನು ತನ್ನ ಹೊಸ್ತಿಲ ಅಡಿಯಲ್ಲಿ ಹುಗಿದು, ದಿಬ್ಬಣದ ಹಾದಿಗೆ ಇನ್ನೊಂದನ್ನು ಸಿದ್ಧಮಾಡುತ್ತಿದ್ದನಂತೆ. ಅಷ್ಟರಲ್ಲಿ ಲವೋನ್ ಬಾಗಿಲಿಗೆ ಬಂದುಬಿಟ್ಟಿದ್ದ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತುಂಡು.

"ಹುಡುಗಿ ಕಳಿಸಿದ್ದಾಳೆ ಅಂದ," ಸವಸ್ತೇಯ್ ಹೇಳಿದ. "ಸುಳ್ಳು ಅಂತ ನನಗೂ ಗೊತ್ತಿತ್ತು. ನಿನ್ನ ಮರ್ಯಾದೆ ಉಳಿಸೋಕೆ ಹೇಳಿದ. ಬೇಡ ಅನ್ನೋದ್ರೊಳಗೆ ಹೊಸ್ತಿಲು ದಾಟಿಬಿಟ್ಟಿದ್ದ. ಎರಡು ವರ್ಷದಿಂದ ನನ್ನ ರೊಟ್ಟಿ ತಿಂದೇ ಬದುಕಿದ್ದಾನೆ. ನಾನು ಕಟ್ಟಿದ್ದನ್ನ ನಾನೇ ಬಿಚ್ಚೋಕೆ ಆಗಲ್ಲ."

ಎರಡು ವರ್ಷ ಟೆಕ್ಲ್ಯಾ ಯಾರನ್ನು ಶಪಿಸಿದ್ದಳೋ ಅವನು ಅವಳ ಕೆಲಸಕ್ಕೇ ಹೋಗಿ ಹಾಳಾಗಿದ್ದ. ಅಯ್ಯೋ, ನಾನೆಂಥ ಪಾಪಿ!

"ಮದುವೆಗೆ ಅಂತ ನೀನು ನೇಯ್ದ ನಡುಪಟ್ಟೀನ ನೀನೇ ಅವನ ಸೊಂಟಕ್ಕೆ ಕಟ್ಟಬೇಕು," ಎಂದ ಮುದುಕ. "ಇಟ್ಕೊಂಡಿದ್ದೀಯಾ?"

ಅವಳು ಉತ್ತರಿಸುವ ಮೊದಲೇ ದೂರದಲ್ಲಿ ಕೊಂಬು ಕೂಗಿತು. ಹರಾಸಿಮ್, ಅವಳ ಅಣ್ಣ! ಕುರಿ ಹಿಡಿದ ತೋಳವನ್ನು ಇವತ್ತೇ ಮುಗಿಸುತ್ತೇನೆಂದು ಬೆಳಿಗ್ಗೆಯೇ ಈಟಿ ಮಸೆದಿಟ್ಟಿದ್ದ. ಯಾವ ತೋಳವಾದರೂ ಅವನಿಗೆ ಒಂದೇ.

ಟೆಕ್ಲ್ಯಾ ಮನೆಗೆ ಓಡಿದಳು. ನಡುಪಟ್ಟಿ ಇತ್ತು, ಆದರೆ ಪೆಟ್ಟಿಗೆಯಲ್ಲಿ ಅಲ್ಲ. ಲವೋನ್ ಬಾರದ ಮರುದಿನವೇ ಅದನ್ನು ಮೇಕೆಯ ಕೊರಳಿಗೆ ಬಿಗಿದಿದ್ದಳು. ಚಳಿಗಾಲವಿಡೀ ಕೂತು ನೇಯ್ದ ಕೆಂಪು ಎಳೆಗಳು ಈಗ ಮಣ್ಣುಬಣ್ಣ. ಗಂಟು ಬಿಚ್ಚುವಾಗ ಉಗುರು ಕಿತ್ತು ರಕ್ತ ಬಂತು. ಬಿಡುಗಡೆಯಾದ ಮೇಕೆ ಅವಳ ಹಿಂದೆಯೇ ಓಡಿತು.

ಜೌಗಿನ ಅಂಚಿನಲ್ಲಿ ಬಲೆ ಬಿಗಿದಾಗಿತ್ತು. ಮೂಲೆಗೆ ಸಿಕ್ಕ ತೋಳದ ಮುಂದೆ ಹರಾಸಿಮ್ ಈಟಿ ಎತ್ತಿ ನಿಂತಿದ್ದ. ಟೆಕ್ಲ್ಯಾ ಇಬ್ಬರ ನಡುವೆ ನುಗ್ಗಿದಳು.

"ಸರಿ ಆಚೆ, ಹುಚ್ಚಿ."

"ಮೊದಲು ನನ್ನನ್ನ ಚುಚ್ಚು."

ತೋಳ ಗುರ್ರೆಂದಿತು. ನಂಬಿಕೆ ಸತ್ತ ಗುರುಗುಟ್ಟುವಿಕೆ ಅದು. ಮಧ್ಯಾಹ್ನ ಕವೆಗೋಲು ಎತ್ತಿದ ಕೈಯನ್ನು ಅದು ಮರೆತಿರಲಿಲ್ಲ. ಮುಂಗೈಗೆ ಹಲ್ಲು ನಾಟಿತು. ಟೆಕ್ಲ್ಯಾ ಕೈ ಎಳೆದುಕೊಳ್ಳಲಿಲ್ಲ.

"ಕಚ್ಚು," ಎಂದಳು ಮೆಲ್ಲಗೆ. "ರೊಟ್ಟಿ ನಾನು ಒಯ್ಯಬೇಕಿತ್ತು. ತಪ್ಪು ನಂದು, ಲವೋನ್. ನಿನ್ನನ್ನ ದ್ವೇಷಿಸ್ತೀನಿ ಅಂತ ಊರಿಗೆಲ್ಲ ಹೇಳ್ದೆ. ಒಂದು ದಿನಾನೂ ಆಗಲಿಲ್ಲ ನನ್ನ ಕೈಲಿ."

ಹಲ್ಲು ಸಡಿಲಿತು. ರಕ್ತದ ಕೈಯಲ್ಲೇ ಅವಳು ಪಟ್ಟಿ ಸುತ್ತಿ ಗಂಟು ಹಾಕಿದಳು. ಬೆರಳ ಕೆಳಗಿನ ಒರಟು ಕೂದಲು ನಿಧಾನವಾಗಿ ನಾರುಬಟ್ಟೆಯಾಯಿತು... ಬಟ್ಟೆಯೊಳಗೆ ಪಕ್ಕೆಲುಬುಗಳು ನಡುಗುತ್ತಿದ್ದವು. ಹರಾಸಿಮ್‌ನ ಈಟಿ ಕೆಸರಿಗೆ ಬಿತ್ತು.

ಲವೋನ್ ಅವಳನ್ನು ನೋಡಿದ. ಕಣ್ಣಲ್ಲಿ ಇನ್ನೂ ಕೋಪವಿತ್ತು. ಎರಡು ವರ್ಷದ ಕೋಪ ಒಂದು ಗಂಟಿಗೆ ಹೋಗುತ್ತದೆಯೇ?

"ಮೇಕೆ ವಾಸನೆ," ಎಂದ, ಒಡೆದ ದನಿಯಲ್ಲಿ.

"ಒಗೆದು ಕೊಡ್ತೀನಿ."

"ಈ ಸಲ ರೊಟ್ಟಿಯ ಮೊದಲ ತುಂಡು ಯಾರಿಗೆ?"

"ಮುದುಕನಿಗೆ." ಟೆಕ್ಲ್ಯಾ ಅವನ ಎದೆಗೆ ಹಣೆ ಒತ್ತಿದಳು. "ನಾನೇ ಒಯ್ತೀನಿ. ಹೊಸ್ತಿಲು ದಾಟೋಳು ನಾನು. ನೀನು ಹೊರಗೆ ನಿಂತಿರು."

ಲವೋನ್ ತಾನು ಕಚ್ಚಿದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇಬ್ಬರೂ ದಾಟೋಣ," ಎಂದ. "ತೋಳವಾದ್ರೆ ಜೋಡಿ ತೋಳ ಆಗ್ಲಿ."