ಅಷ್ಟಮಕ್ಕೆ ಹೋದ ತಿರುಪು

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಸೀಮೆಯ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ: ೧೯೯೬ನೆಯ ಇಸವಿ ಮೇ ತಿಂಗಳ ಒಂದು ಶನಿವಾರ, ಕಡಲೆಕಾಳಿನ ಗಾತ್ರದ ಒಂದು ತಿರುಪು, ಐದನೆಯ ಅಂಕಿಯ ಮೇಲೆ ಇರಬೇಕಾದದ್ದು, ಎಂಟನೆಯ ಅಂಕಿಯ ಮೇಲೆ ಕಂಡುಬಂದಿತು. ಜೀವಹಾನಿ ಆಗಲಿಲ್ಲ. ಒಂದು ಪಿಸ್ಟನ್ನು ಮಾತ್ರ ತೀರಿಕೊಂಡಿತು. ಪಂಚಮದಲ್ಲಿದ್ದ ಗ್ರಹ ಶನಿವಾರದ ದಿನವೇ ಅಷ್ಟಮಕ್ಕೆ ಹಾರಿದ್ದು ಹೇಗೆಂದು ಜನ ಪಂಚಾಂಗದವರನ್ನು ಕೇಳಲಿಲ್ಲ, ಗೌರಾಬಾಯಿಯವರನ್ನು ಕೇಳಿದರು. ಅಷ್ಟರಮಟ್ಟಿಗೆ ನಿಪ್ಪಾಣಿ ಮುಂದುವರಿದ ಊರು.

ಗೌರಾಬಾಯಿ ನಿಪ್ಪಾಣಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಕೂಡಿಸಿ ನಿವೃತ್ತರಾದವರು. ಉಳಿದ ಪತ್ತೇದಾರರಿಗೆ ಭೂತಗನ್ನಡಿ ಇದ್ದರೆ ಇವರಿಗೆ ಕಿವಿ. ಅವರ ಬಲಗೈ ಬಂಟ ಲೈನ್‌ಮನ್ ಪಾರಿಸ. ಕಂಬ ಹತ್ತುವುದರಲ್ಲಿ ಎಷ್ಟು ಚುರುಕೋ, ತೀರ್ಮಾನಕ್ಕೆ ಹಾರುವುದರಲ್ಲಿ ಅವನು ಅದಕ್ಕಿಂತ ಚುರುಕು. ಕಂಬದಿಂದ ಮಾತ್ರ ಒಮ್ಮೆಯೂ ಬಿದ್ದಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಪಾರಿಸ ಬಾಯಿಯವರ ಕಟ್ಟೆಯ ಮೇಲೆ ಕೂತು ಚಹಾ ಸುರಿಯುತ್ತಿದ್ದಾಗ, ಗ್ಯಾರೇಜಿನ ಲಗಮಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತ ಓಡಿ ಬಂದ.

"ಬಾಯಾರ, ಮಾನ ಹೊಂಟೈತ್ರಿ! ನಂದಲ್ಲ, ಕಾಕಾಂದು."

ಕಾಕಾ ಎಂದರೆ ರೇಡಿಯೊ ರಿಪೇರಿಯ ಕಾಕಾಸಾಹೇಬ, ಜೈನರವ. ಒಂದೇ ಮಳಿಗೆ, ಒಂದೇ ಬೋರ್ಡು. ಅರ್ಧದಲ್ಲಿ ಲಗಮಪ್ಪನ ನಟ್ಟುಬೋಲ್ಟು, ಅರ್ಧದಲ್ಲಿ ಕಾಕಾನ ವಾಲ್ವು, ವೈರು. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರ ನಡುವೆ ಕೆಟ್ಟದ್ದು ಬರೀ ಗಾಡಿ ಮತ್ತು ರೇಡಿಯೊ.

"ಮೊದಲಿಂದ ಹೇಳೋ," ಎಂದರು ಗೌರಾಬಾಯಿ.

"ತೆಲಸಂಗದ ದ್ರಾಕ್ಷಿ ತೋಟದ ಧರಣೇಂದ್ರ ಮುಂಬೈದಿಂದ ಜಪಾನಿ ರೇಸ್ ಬೈಕ್ ಗಾಡಿ ತಂದಾನಲ್ರಿ, ಕೆಂಪಂದು? ಅದರ ಸೀಟಿನ ಬುಡಕ ಒಂದು ಕರಿ ಡಬ್ಬಿ ಐತಿ. ಇಂಜಿನ್ನಿನ ಕಂಪ್ಯೂಟರ. ಕಿಡಿ ಯಾವಾಗ ಹಾರಬೇಕು ಅನ್ನೂದು ಅದು ಹೇಳತೈತಿ. ಸಿಡಿಐ ಅಂತಾರ."

ಪಾರಿಸನ ಬಸಿಯಿಂದ ಚಹಾ ಚೆಲ್ಲಿತು. "ಸಿಬಿಐ ಮಟಾ ಹೋತೇನ?"

"ಸಿಡಿಐ ಅಂದೆ ಮಾರಾಯಾ! ಡಬ್ಬಿ ಮ್ಯಾಲೆ ಸಣ್ಣ ಸ್ಕ್ರೂ, ಸುತ್ತ ಒಂದರಿಂದ ಹತ್ತರ ತನಕ ಅಂಕಿ. ಅಂಕಿ ಏರಿಸಿದಂಗ ಕಿಡಿ ಲಗೂನ ಹಾರತೈತಿ, ಗಾಡಿ ಕುದರಿ ಆಕ್ಕೈತಿ. ಭಾಳ ಏರಿಸಿದ್ರ ಪಿಸ್ಟನ್ ಕಾದು ಹಿಡಕೋತೈತಿ, ಕುದರಿ ಕತ್ತಿ ಆಕ್ಕೈತಿ."

ಯಾವ ಅಂಕಿಗೆ ನಿಲ್ಲಿಸಬೇಕೆಂಬುದನ್ನು ಊರು ಮೂರು ದಿನ ಚರ್ಚಿಸಿದ್ದು ಪಾರಿಸನಿಗೂ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಆರರ ಪಕ್ಷ, ಏಳರ ಪಕ್ಷ ಹುಟ್ಟಿ, ಆರೂವರೆಯವರು ಎರಡೂ ಕಡೆ ಚಹಾ ಕುಡಿದಿದ್ದರು. ಧರಣೇಂದ್ರನದು ಹತ್ತರ ಪಕ್ಷ: "ಹತ್ತಕ್ಕ ಹತ್ತು ಸಿಗತಿರಬೇಕಾದ್ರ ಐದು ಯಾಕ ತಗೋಬೇಕು?" ಲಗಮಪ್ಪ ಮಾತ್ರ, "ಅಂಕಿ ನಾವಲ್ಲ, ಇಂಜಿನ್ ಹೇಳತೈತಿ. ಮೂರರಿಂದ ಏರಿಸೂಣು, ಹಾಡಿದಲ್ಲೆ ನಿಲ್ಲಿಸೂಣು," ಎಂದು ತೀರ್ಪು ಕೊಟ್ಟಿದ್ದ.

"ನಿನ್ನೆ ಸಂಜೀಕ ನಾ ಎಕ್ಸಲೇಟರ್ ಹಿಡಕೊಂಡು ಕಿವಿ ಕೊಟ್ಟೆ, ಕಾಕಾ ಹಿಂದ ಕುಂತು ನನ್ನ ಕೈಸನ್ನೀಗೆ ಒಂದೊಂದ ಅಂಕಿ ಸ್ಕ್ರೂ ತಿರುವಿದ. ಐದಕ್ಕ ಹಾಡಿತ್ರಿ. ನಿಲ್ಲಿಸಿದ್ವಿ. ಇವತ್ತ ಮುಂಜಾನೆ ಧರಣೇಂದ್ರ ತವಂದಿ ಘಾಟ ಹತ್ತೂದ್ರಾಗ ಇಂಜಿನ್ ಜಾಮ್! ಬಿಚ್ಚಿ ನೋಡಿದ್ರ ಎಂಟು! ಡಬ್ಬಿ ಮುಟ್ಟಿದವರು ನೀವಿಬ್ಬರು, ನಿಮ್ಮೊಳಗ ಒಬ್ಬಾಂವ ರೇಸಿನ ಎದುರಾಳಿ ಕಡೆ ರೊಕ್ಕಾ ತಿಂದಾನ ಅಂತಾನ. ಸಂಜೀ ಐದರೊಳಗ ಯಾರಂತ ಹೇಳಲಿಲ್ಲ ಅಂದ್ರ ಇಬ್ಬರನ್ನೂ ಸ್ಟೇಷನ್ನಿಗೆ ಒಯ್ಯಾಂವ. ಬಾಯಾರ, ಕಾಕಾ ಇರಿವಿ ತುಳದವ ಅಲ್ರಿ. ಹಿಂದಿನ ಬಾಗಲದ ಕೀಲಿ ಯಾರೋ ಕೊಯ್ದಾರ. ಆ ಕಳ್ಳನ್ನ ಹುಡುಕಿ ಕೊಡ್ರಿ!"

ಅವನು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಕಾಕಾಸಾಹೇಬ ಬಂದ. ಬಿಳಿ ಟೊಪ್ಪಿಗೆ, ದಪ್ಪ ಚಷ್ಮಾ, ಎದೆ ಹಿಡಿದುಕೊಂಡು ಕೆಮ್ಮು.

"ಕಾಯ ಸಾಂಗೂ ಬಾಯಿ, ಏನ ಹೇಳ್ಲಿ! ಲಗಮೂನ ಮ್ಯಾಲೆ ಸಂಶಯ! ಲಗಮೂ ಅಂದ್ರ ಸೋನ, ಬಂಗಾರ!" ಮತ್ತೆ ಕೆಮ್ಮಿದ. "ಖಿಡಕಿ ಜಾಳಿ ಕತ್ತರಿಸ್ಯಾರ್ರಿ. ಬುಡಕ ಬೀಡಿ ಬಿದ್ದೈತಿ. ಚೋರ ಪಕ್ಕಾ. ಹುಡುಕ್ರಿ, ಇಲ್ಲಾಂದ್ರ ಲಗಮೂನ ನಾವ, ಹೆಸರ ಕೆಡತೈತಿ."

ಅವನೂ ಹೋದ. ಪಾರಿಸ ಎದ್ದು ನಿಂತ. ಕೇಸು ಅವನ ಮಟ್ಟಿಗೆ ಮುಗಿದಿತ್ತು.

"ಮುರಗೆಪ್ಪ! ಆಚೆ ಓಣಿ ಗ್ಯಾರೇಜಿನವ. ಅವನ ಗಾಡೀನೂ ಬರೂ ವಾರದ ರೇಸಿಗೆ ಐತಿ. ಬಾಗಲದಿಂದ ಬಂದು ಕಿಡಕ್ಯಾಗಿಂದ ಹೋಗ್ಯಾನ."

"ಬಾಗಲಾ ತಗದ ಮ್ಯಾಲೆ ಕಿಡಕ್ಯಾಗ ಯಾಕ ತೂರತಾನೋ? ಕಸರತ್ತಿಗೇನು?"

ಪಾರಿಸ ಮತ್ತೆ ಕೂತ.

ಗ್ಯಾರೇಜಿಗೆ ಹೋದಾಗ ಮೂರು ಗಂಟೆ. ಶುಕ್ರವಾರ ಮಳಿಗೆ ಮುಚ್ಚಿದ ಮೇಲೆ ಅಡ್ಡಮಳೆ ಹೊಡೆದಿತ್ತು. ಸೋರುವ ತಗಡಿನ ಕೆಳಗೆ ಹಿಂದಿನ ಬಾಗಿಲ ಹೊಸ್ತಿಲು ಇನ್ನೂ ತೊಯ್ದೇ ಇತ್ತು. ಒಳಗಿನ ಚಿಲಕದಲ್ಲಿ ಕೊಯ್ದ ಬೀಗ ಜೋತುಬಿದ್ದಿತ್ತು. ಅದರ ಕೆಳಗೆ ಕಬ್ಬಿಣದ ಪುಡಿ.

"ಹೆಂಗೈತಿ ಬಣ್ಣ?" ಗೌರಾಬಾಯಿ ಕೇಳಿದರು.

"ಬೆಳ್ಳಗ. ಮಿಂಚಾಕತ್ತೈತಿ."

"ಹೂಂ." ಆಮೇಲೆ ಕಿಟಕಿ. ಜಾಳಿಯನ್ನು ಒಂದೊಂದೇ ತಂತಿ ಹಿಡಿದು ನಾಜೂಕಾಗಿ ಕತ್ತರಿಸಲಾಗಿತ್ತು. ಕೆಳಗೆ ಮುಕ್ಕಾಲು ಉಳಿದ ಬೀಡಿ. "ಇದರ ದಾರ ಎಲ್ಲೈತಿ?"

"ಸುಟ್ಟೈತ್ರಿ."

"ಹೂಂ."

ಪಾರಿಸನ ಅನುಭವದಲ್ಲಿ ಬಾಯಿಯವರ ಎರಡು 'ಹೂಂ' ಎಂದರೆ ಲೈನು ಸಿಕ್ಕಿತೆಂದೇ ಅರ್ಥ. ಆದರೂ ಸಮಾಧಾನಕ್ಕೆಂದು ಮುರಗೆಪ್ಪನ ಗ್ಯಾರೇಜಿಗೆ ಓಡಿ, ಮುಖ ಉದ್ದ ಮಾಡಿಕೊಂಡು ಮರಳಿದ. ಮುರಗೆಪ್ಪ ಗುರುವಾರವೇ ನಿಶ್ಚಿತಾರ್ಥಕ್ಕೆಂದು ಕಾಗವಾಡಕ್ಕೆ ಹೋಗಿ, ಈಗಷ್ಟೇ ಬಸ್ಸಿಳಿದು, ಟಿಕೀಟು ಇನ್ನೂ ಕಿವಿಯಲ್ಲಿ ಸಿಗಿಸಿಕೊಂಡಿದ್ದ.

ಅಷ್ಟು ಹೊತ್ತೂ ಗೌರಾಬಾಯಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಗಾಡಿಯ ಕೆಳಗೆ ಮಲಗಿದ ಲಗಮಪ್ಪ ಕೈ ಚಾಚಿ, "ಕಾಕಾ, ಚೌದಾ ನಂಬರ ಪಾನಾ ಕೊಡು. ಆ ಮ್ಯಾಲೆ ಬಾರಾ," ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದ ರೂಢಿ ಅದು: ಮಾತು ಲಗಮಪ್ಪನ ಕನ್ನಡದಲ್ಲಿ, ಅಂಕಿ ಕಾಕಾನ ಮರಾಠಿಯಲ್ಲಿ. ಕೆನ್ನೆಯೊಳಗೆ ತಂಬಾಕಿನ ಉಂಡೆ ಇದ್ದುದರಿಂದ ಎರಡೂ ಭಾಷೆ ಅದನ್ನು ಪ್ರದಕ್ಷಿಣೆ ಹಾಕಿಯೇ ಹೊರಗೆ ಬರಬೇಕಿತ್ತು.

"ಪಾರಿಸಾ, ಮುರಗೆಪ್ಪಗ ಗಾಡಿ ತಗೊಂಡು ಬಾ ಅನ್ನು. ಸೈಲೆನ್ಸರ್ ಬಿಚ್ಚಿ ತರಲಿ."

ಐದು ಗಂಟೆಗೆ ಎಲ್ಲರೂ ಸೇರಿದರು. ಧರಣೇಂದ್ರ ಹೊಸ ಜಾಕೀಟು ಹಾಕಿ, ಮೇ ತಿಂಗಳಿನಲ್ಲಿ ಅದರ ಫಲ ಅನುಭವಿಸುತ್ತ ಕೂತಿದ್ದ. ಲಗಮಪ್ಪ, ಕಾಕಾಸಾಹೇಬ ಒಬ್ಬರನ್ನೊಬ್ಬರು ನೋಡದೆ ಎರಡು ಮೂಲೆ ಹಿಡಿದಿದ್ದರು.

"ಕಳ್ಳ ಬಂದಿಲ್ಲ," ಗೌರಾಬಾಯಿ ಶುರು ಮಾಡಿದರು. "ಆದರ ಎರಡು ಸಲ ಬಂದಾನ."

"ಅದ ಹೆಂಗ್ರಿ?" ಎಂದ ಧರಣೇಂದ್ರ.

"ಹಿಂದಿನ ಬಾಗಲದ ಕೀಲಿ ಇರೂದು ಒಳಗಿನ ಚಿಲಕಕ್ಕ. ಕಳ್ಳ ಮೊದಲ ಒಳಗ ಬಂದು, ಆಮ್ಯಾಲೆ ಒಳಗ ಬರಾಕ ಕೀಲಿ ಕೊಯ್ದನೇನು? ರಾತ್ರಿಯೆಲ್ಲಾ ಮಳಿಯಾಗ ಬಿದ್ದಿದ್ರ ಪುಡಿ ಕೆಂಪ ತುಕ್ಕ ಹಿಡೀಬೇಕಿತ್ತು. ಬೆಳ್ಳಗೈತಿ. ಅಂದ್ರ ಕೊಯ್ದಿದ್ದು ಇವತ್ತ, ಗಾಡಿ ಜಾಮ್ ಆಗಿ ವಾಪಸ್ ಬಂದ ಮ್ಯಾಲೆ. ಬ್ಲೇಡು ಹಿಡಿಯೂ ಕೈ ಈ ಮಳಿಗ್ಯಾಗ ಯಾರದು ಲಗಮಪ್ಪಾ?"

ಲಗಮಪ್ಪ ತಂಬಾಕು ನುಂಗಿದವನಂತೆ ನಿಂತ.

ಕಾಕಾಸಾಹೇಬ ಕೆಮ್ಮಿದ.

"ನೀ ಬಾ ಈಗ ಕಾಕಾಸಾಹೇಬಾ. ಬೀಡಿ ದಾರ ಇರೂದು ಬಾಯಿ ಕಡೆ. ಸೇದಿ ಒಗದ ತುಣುಕಿನ್ಯಾಗ ದಾರ ಉಳೀಬೇಕು. ಇದರಾಗ ಮೊದಲ ಸುಟ್ಟಿದ್ದು ದಾರ. ಬೀಡಿ ಕಟ್ಟೂ ಊರಾಗ ಬೀಡಿ ಉಲ್ಟಾ ಹಚ್ಚಾಂವ ಅಂದ್ರ ಜನ್ಮದಾಗ ಸೇದಲಾರದವ. ಒಂದು ಜುರಕಿಗೆ ಮಧ್ಯಾಹ್ನದಿಂದ ಕೆಮ್ಮಾಕತ್ತೀಯಲ್ಲೋ ಪುಣ್ಯಾತ್ಮಾ! ಜಾಳಿ ಕತ್ತರಿಸಿದ್ದೂ ರೇಡಿಯೊ ವೈರ್ ಕತ್ತರಿಸೂ ಇಕ್ಕಳ."

"ಅಂದ್ರ ಇಬ್ಬರೂ ಕೂಡಿ ನನ್ನ ಗಾಡಿ ಕೆಡಸ್ಯಾರ!" ಧರಣೇಂದ್ರ ಎದ್ದ.

"ಕುಂದ್ರೋ! ಗಾಡಿ ಕೆಡಸಿದವರು ಇನ್ನೊಬ್ಬನ ಕಡೆ ಬಟ್ಟ ಮಾಡತಾರ. ಇವರು ಮಾಡಿದ್ದು ಬಾಗಲಾ, ಕಿಡಕಿ ಕಡೆ. ಯಾಕ ಅಂತ ಅವರನ್ನ ಕೇಳು."

ಲಗಮಪ್ಪ ತಲೆ ತಗ್ಗಿಸಿದ. "ನನ್ನ ಕಿವಿ ಐದು ಅಂತಿತ್ರಿ. ಕಾಕಾಗ ಚಷ್ಮಾ ನಂಬರ ಏರೈತಿ, ಕಾಣದ ಎಂಟಕ್ಕ ಇಟ್ಟಾನ ಅಂತ ತಿಳದೆ. ಅದನ್ನ ಬಾಯಿ ಬಿಟ್ಟು ಅಂದ್ರ ನಾಳೆ ಅವನ ಕಡೆ ರೇಡಿಯೊ ಯಾರು ತರತಾರ್ರಿ?"

ಕಾಕಾಸಾಹೇಬ ಬಾಯಿ ತೆರೆದು ನಿಂತ. "ಅರೇ ಲಗಮೂ! ನೀನ ಆಠ ಅಂದಿ! ಐದರ ಮ್ಯಾಲಿಂದ ಒಮ್ಮೆಲೆ ಎಂಟು ಯಾಕ ಅಂತ ನನಗೂ ಅನಿಸ್ತು. ಆದರ ನಿನ್ನ ಕಿವಿ ಹೇಳಿದ ಮ್ಯಾಲೆ ನಾ ಯಾರು? ಗಾಡಿ ಜಾಮ್ ಆದಾಗ, ಲಗಮೂನ ಕಿವೀಗೆ ವಯಸ್ಸಾತು ಅಂದೆ. ಹೇಳಿದ್ರ ಗ್ಯಾರೇಜಿಗೆ ಯಾರು ಬರತಾರ?"

"ನಾ ಆಠ ಅಂದೇ ಇಲ್ಲ!"

"ಅಂದೀ!"

"ಇಲ್ಲ!"

ಇಪ್ಪತ್ತೆರಡು ವರ್ಷದಲ್ಲಿ ಇದು ಮೊದಲ ಜಗಳ. ಇಬ್ಬರಿಗೂ ರೂಢಿ ಇಲ್ಲದ್ದರಿಂದ ಅದೇ ಎರಡು ಮಾತನ್ನು ಮತ್ತೆ ಮತ್ತೆ ಅಂದರು. ಪಾರಿಸ ಮಳಿಗೆಯ ಬೋರ್ಡಿನ ಕಡೆ ನೋಡಿದ. ಒಂದು ತಿರುಪು ಮೂರು ಮನೆ ಜರುಗಿದ್ದಕ್ಕೆ ಈ ಬೋರ್ಡು ಎರಡು ತುಂಡಾದರೆ ಯಾವ ಲೈನ್‌ಮನ್ ಬಂದು ಜೋಡಿಸುತ್ತಾನೆ?

"ನಿನ್ನೆ ಮಾಡಿದಂಗ ಮಾಡಿ ತೋರಸ್ರಿ," ಎಂದರು ಗೌರಾಬಾಯಿ. ಲಗಮಪ್ಪ ಕೆನ್ನೆಗೆ ತಂಬಾಕು ಒತ್ತಿದ. ಕಾಕಾಸಾಹೇಬ ಕರಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ. ಸೈಲೆನ್ಸರ್ ಇಲ್ಲದ ಮುರಗೆಪ್ಪನ ಗಾಡಿ ಬೊಬ್ಬೆ ಹಾಕಿತು. ತಗಡು ನಡುಗಿತು, ರೇಡಿಯೊಗಳ ಧೂಳು ಉದುರಿತು. ಲಗಮಪ್ಪ ಕಿವಿ ಕೊಟ್ಟ, ಕೈಸನ್ನೆ ಮಾಡಿದ, ಮತ್ತೆ ಮಾಡಿದ, ಆಮೇಲೆ ಹಿಂದೆ ನೋಡದೆ ಒದರಿದ. ಒದರಿದವನೇ ಇಂಜಿನ್ ಬಂದ್ ಮಾಡಿದ.

"ಬಘಾ! ಪುನ್ಹಾ, ಮತ್ತ ಆಠ!" ಕಾಕಾಸಾಹೇಬ ಡಬ್ಬಿ ಎತ್ತಿ ತೋರಿಸಿದ. ತಿರುಪು ಎಂಟರ ಮೇಲಿತ್ತು.

"ನಾ ಅಂದಿದ್ದು 'ಆತ'!" ಲಗಮಪ್ಪ ಕೂಗಿದ.

ತೆಲಸಂಗದ ಧರಣೇಂದ್ರನಿಗೆ 'ಆತ' ಎಂದು ಕೇಳಿತ್ತು. ನಿಪ್ಪಾಣಿಯ ಮುರಗೆಪ್ಪನಿಗೆ '‍ಆಠ'. ಪಾರಿಸನಿಗೆ ಎರಡೂ ಕೇಳಿತ್ತು, ಅದಕ್ಕೇ ಅವನು ಎರಡೂ ಕಡೆ ತಲೆಯಾಡಿಸಿದ.

ಗೌರಾಬಾಯಿ ನಕ್ಕರು. "ಅಂವ ಅಂದಿದ್ದು ಕನ್ನಡದ 'ಆತ'. ಮುಗೀತು, ಸಾಕು. ಇಂವ ಕೇಳಿದ್ದು ಮರಾಠಿ 'ಆಠ'. ಎಂಟು. ಅಂಕಿ ಯಾವತ್ತೂ ಮರಾಠ್ಯಾಗ ಹೇಳತೀಯಲ್ಲೋ ಲಗಮಪ್ಪಾ, ಅವನ ಮ್ಯಾಲಿನ ಪ್ರೀತಿಗೆ? ನಡುವ ತಂಬಾಕಿನ ಉಂಡಿ, ಮ್ಯಾಲೆ ಈ ಬೊಬ್ಬೆ. ಒದರಿದ ಕೂಡ್ಲೆ ನೀ ಇಂಜಿನ್ ಬಂದ್ ಮಾಡ್ತಿ, ಎಂಟರ ಸಪ್ಪಳ ನಿನ್ನ ಕಿವೀಗೆ ಬೀಳೂದು ಹೆಂಗ? ನಾ ಎಕ್ಸ್‌ಚೇಂಜಿನ ಬೋರ್ಡಿನ ಮ್ಯಾಲಿದ್ದಾಗ ಚಿಕ್ಕೋಡಿ ದಲಾಲ 'ಆತ' ಅಂದಿದ್ದಕ್ಕ ಕೊಲ್ಹಾಪುರದಾಂವ ಎಂಟು ಲಾರಿ ಕಳಿಸಿದ್ದ. ತಪ್ಪು ಚಷ್ಮಾದ್ದಲ್ಲ, ಕಿವೀದಲ್ಲ. ಸೀಮೀದು."

ಕಾಕಾಸಾಹೇಬ ಎದ್ದು ಬಂದು ಲಗಮಪ್ಪನ ಬೆನ್ನಿಗೆ ಒಂದು ಗುದ್ದಿದ. "ನನ್ನ ಸಲುವಾಗಿ ಸ್ವಂತ ಕೀಲಿ ಕೊಯ್ದಿ?"

"ನೀ ನನ್ನ ಸಲುವಾಗಿ ಬೀಡಿ ಸೇದೀಯಲ್ಲೋ, ಮಹಾವೀರನ ಮೊಮ್ಮಗನ!"

ಧರಣೇಂದ್ರ ಜಾಕೀಟು ಕಳೆದು ಇಬ್ಬರ ಕಾಲಿಗೂ ಬಿದ್ದ. ಮಿಸ್ತ್ರಿಯ ಮಿಸ್ಟರಿ ಬಗೆಹರಿಯಿತು.

ಮುಂದಿನದು ಬರೀ ಕೆಲಸ. ಸೋಮವಾರ ಪುಣೆಯಿಂದ ಪಿಸ್ಟನ್ ಬಂತು. ಬುಧವಾರ ತಿರುಪು ಐದಕ್ಕೆ ಕೂತು, ಗಾಡಿ ಹಾಡಿತು. ಘಾಟನ್ನು ಅದು ಹತ್ತಿದ ರೀತಿ ನೋಡಿ ಆರು, ಏಳು, ಹತ್ತರ ಪಕ್ಷದವರೆಲ್ಲ ಪಕ್ಷಾಂತರ ಮಾಡಿದರು. ಈಗ ಇಡೀ ಊರಿಗೆ ಒಂದೇ ಹಂಚಿಕೆ: ಹಾರೂಗೇರಿ ಹತ್ತಿರದ ಸಕ್ಕರೆ ಕಾರ್ಖಾನೆಯ ಖಾಲಿ ಕಬ್ಬಿನ ಅಂಗಳದಲ್ಲಿ ಭಾನುವಾರ ರೇಸು ಗೆಲ್ಲುವುದು, ಬಹುಮಾನದ ಢಾಲು ತರುವುದು. ಢಾಲಿನ ಮೇಲೆ ಸವಾರನ ಹೆಸರಿನ ಕೆಳಗೆ ಮಿಸ್ತ್ರಿಯ ಹೆಸರನ್ನೂ ಕೆತ್ತಿಸುತ್ತಿದ್ದರು.

ಭಾನುವಾರ ಎರಡು ಟೆಂಪೋ ತುಂಬ ನಿಪ್ಪಾಣಿ ಅಲ್ಲಿಗೆ ಹೋಯಿತು. ಕೆಂಪು ಗಾಡಿ ಸುಣ್ಣದ ಗೆರೆಯ ಮೇಲೆ ಗುರುಗುಟ್ಟುತ್ತಿತ್ತು. ಆಗ ಮೇಜಿನ ಹಿಂದಿದ್ದ ಗುಮಾಸ್ತರು ಎರಡು ಹಾಳೆ ಹಿಡಿದು ಕೈಯೆತ್ತಿದರು.

"ತೆಲಸಂಗದ ಗಾಡಿ ತಡೀರಿ! ಅರ್ಜಿ ಎರಡು ಪ್ರತಿ ಇರತಾವು. ಕಾರ್ಖಾನೆಗೆ ಕನ್ನಡ, ಕೊಲ್ಹಾಪುರದ ಪಂಚರಿಗೆ ಮರಾಠಿ. ಎರಡೂ ಒಂದ ಇರಬೇಕು. ಇದರಾಗ ಮಿಸ್ತ್ರಿ ಹೆಸರು ಕನ್ನಡದಾಗ ಕಾಕಾಸಾಹೇಬ ಐತಿ, ಮರಾಠ್ಯಾಗ ಲಗಮಪ್ಪ ಐತಿ. ಬರದವರು ಯಾರು?"

ಕನ್ನಡದ ಹಾಳೆ ತುಂಬಿದವನು ಲಗಮಪ್ಪ. ಮರಾಠಿಯದನ್ನು ತುಂಬಿದವನು ಕಾಕಾಸಾಹೇಬ. ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಲಕೋಟೆಯಲ್ಲಿಟ್ಟು ಕಳಿಸಿದ್ದರು.

"ಖರೆ ಮಿಸ್ತ್ರಿ ಯಾರ್ರಿ?"

"ಅಂವ," ಎಂದರು ಇಬ್ಬರೂ, ಒಬ್ಬರನ್ನೊಬ್ಬರು ತೋರಿಸುತ್ತ.

"ಒಬ್ಬರ ಹೆಸರು ಹೊಡದು ಹಾಕ್ರಿ ಅತ್ಲಾಗ!" ಧರಣೇಂದ್ರ ಹೆಲ್ಮೆಟ್ಟಿನೊಳಗಿಂದ ಅಂಗಲಾಚಿದ.

"ಯಾರದು?" ಎಂದರು ಗುಮಾಸ್ತರು.

ಇಬ್ಬರೂ ಮತ್ತೆ ಬಾಯಿ ತೆರೆದರು. ಪಾರಿಸ ಓಡಿ ಹೋಗಿ ಗೌರಾಬಾಯಿಯವರ ಸೆರಗಿನ ಹತ್ತಿರ ನಿಂತ. "ಬಾಯಾರ, ಏನರೆ ಮಾಡ್ರಿ!"

"ಅಪರಾಧ ಆಗಿದ್ರ ಬಿಡಿಸ್ತಿದ್ನೋ," ಎಂದರು ಗೌರಾಬಾಯಿ. "ಇದು ನಿಯಮ."

ಬಾವುಟ ಬಿತ್ತು. ಉಳಿದ ಗಾಡಿಗಳು ಧೂಳೆಬ್ಬಿಸಿ ಹೋದವು. ಗುಮಾಸ್ತರು ಪೆನ್ನಿನ ಟೊಪ್ಪಿ ತೆಗೆದು, ಅರ್ಜಿ ತಿರಸ್ಕರಿಸಿದ ಕಾರಣದ ಎದುರು ದುಂಡಗೆ ಬರೆದರು: 'ಮಾಡಿದವರು ಯಾರೆಂಬುದು ಪತ್ತೆಯಾಗಿಲ್ಲ.'